ಶಿವಗಂಗಾ ‘ಸಾಕು’ ಅಂದದ್ದು

ಇಳಕಲ್ಲಿನ ಗುರುಲಿಂಗವ್ವನ ಮನೆಯಲ್ಲಿ ‘ಸಾಲದು’ ಎಂಬ ಶಬ್ದಕ್ಕೆ ಪ್ರವೇಶವಿಲ್ಲ. ಹಾವು ಬಂದರೆ ಕೋಲು ತಂದಾರು, ಕಳ್ಳ ಬಂದರೆ ಚಹಾ ಕುಡಿಸಿ ಬುದ್ಧಿ ಹೇಳಿ ಕಳಿಸಿಯಾರು. ಆದರೆ ಈ ಒಂದು ಶಬ್ದ ಹೊಸ್ತಿಲು ದಾಟಿತೆಂದರೆ ಮುದುಕಿ ಎದ್ದು ಮನೆಯನ್ನೆಲ್ಲ ತೊಳೆಸುತ್ತಾಳೆ, ಅಂದವರ ಬಾಯಿಗೆ ಬೆಲ್ಲ ತುರುಕುತ್ತಾಳೆ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ‘ಅಕ್ಕಿ ತುಂಬ್ಯಾವ’ ಅನ್ನಬೇಕು. ಬಳೆ ಒಡೆದರೆ ‘ಬಳಿ ಹೆಚ್ಚ್ಯಾವ’. ದೀಪ ಆರಿಸುವುದಾದರೆ ‘ದೀಪ ದೊಡ್ಡದು ಮಾಡು’. ಒಮ್ಮೆ ಗಜೇಂದ್ರಗಡದಿಂದ ಬಂದ ಬೀಗರೊಬ್ಬರು ಬೆಳಗಿನಿಂದ ಈ ಮನೆಯಲ್ಲಿ ಅಕ್ಕಿ ತುಂಬಿದ್ದು, ಎಣ್ಣೆ ತುಂಬಿದ್ದು, ಬಳೆ ಹೆಚ್ಚಿದ್ದು, ದೀಪ ದೊಡ್ಡದಾದದ್ದು ಎಲ್ಲ ಕೇಳಿ, ಇವರು ಕುಬೇರನ ಖಾಸಾ ಅಣ್ಣತಮ್ಮಂದಿರೇ ಇರಬೇಕೆಂದು ತಿಳಿದು ಊಟಕ್ಕೆ ಕುಳಿತರಂತೆ. ತಾಟಿನಲ್ಲಿ ಒಂದೇ ರೊಟ್ಟಿ, ಸುತ್ತಲೂ ಕತ್ತಲೆ. ಆಗ ಅವರಿಗೆ ಭಾಷೆ ಅರ್ಥವಾಯಿತು.

‘ಇದ್ದದ್ದಕ್ಕ ಸಾಲದು ಅಂದ್ರ ಅದಕ್ಕ ಸಿಟ್ಟ ಬರ್ತದ. ಅದೂ ಎದ್ದು ಹೋಗ್ತದ’ ಎಂಬುದು ಮುದುಕಿಯ ವಾದ. ಮಗ ಹೊಳಬಸಪ್ಪ ಪವರ್‌ಲೂಮಿನ ಸದ್ದಿನಲ್ಲೇ ಅರ್ಧ ಆಯುಷ್ಯ ಕಳೆದವನು. ಭೂಕಂಪವಾದರೂ ಲಾಳಿ ಸಿಕ್ಕಿಬಿತ್ತೇನೋ ಎಂದು ಮಗ್ಗದ ಕೆಳಗೆ ಬಗ್ಗಿ ನೋಡುವ ಮನುಷ್ಯ. ಅವನೇನು ಎದುರಾಡುತ್ತಾನೆ? ಹೀಗಾಗಿ ಅವನ ಮಗಳು ಶಿವಗಂಗಾ ಹುಟ್ಟಿದಂದಿನಿಂದ ಮದುವೆಯಾಗುವವರೆಗೆ ಆ ಶಬ್ದವನ್ನು ಬಾಯಿಯಿಂದ ಆಡಿದವಳಲ್ಲ. ಮದುವೆಯಾದ ಮೇಲೆ ಆಡಬೇಕಾಗಿತ್ತು. ಆಗಲೂ ಆಡಲಿಲ್ಲ. ಅವಳ ಕಥೆ ಇರುವುದೇ ಅಲ್ಲಿ.

ಅವಳನ್ನು ಕೊಟ್ಟದ್ದು ಬಾದಾಮಿಗೆ. ಗಂಡ ಅನಿಲಕುಮಾರ ಅಲ್ಲಿ ಗೈಡು. ಪ್ರವಾಸಿಗರಿಗೆ ಗುಹೆ ತೋರಿಸುವವನು. ಬಿಳಿ ಅಂಗಿ, ಕುತ್ತಿಗೆಗೆ ಗುರುತಿನ ಚೀಟಿ, ಮುಖದ ಮೇಲೆ ಒಂದು ನಗು. ಆ ನಗು ಎಷ್ಟು ಗಟ್ಟಿಯೆಂದರೆ, ಮಂಗವೊಂದು ಬಂದು ಪ್ರವಾಸಿಯ ಬಾಳೆಹಣ್ಣು, ಕನ್ನಡಕ, ಮೊಬೈಲು ಎಲ್ಲ ಕಿತ್ತುಕೊಂಡು ಬಂಡೆಯ ಮೇಲೆ ಕುಳಿತು ಸೆಲ್ಫಿ ತೆಗೆದುಕೊಂಡರೂ ಅದು ಕದಲುವುದಿಲ್ಲ. ‘ಛಲೋ ಆತು, ಬರ್ರಿ ಮುಂದ’ ಎಂದು ಮುಂದಿನ ಗುಹೆಗೆ ಹೊರಡುತ್ತಾನೆ.

ಮನೆಗೆ ಬಂದ ಮೇಲೂ ಅದೇ ನಗು, ಅದೇ ಮಾತು. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಛಲೋ ಆತು. ಉಪ್ಪೇ ಹಾಕದಿದ್ದರೆ ಛಲೋ ಆತು. ‘ತವರಿಗೆ ಹೋಗಿ ಬರ್ತೇನ್ರಿ’ ಅಂದರೆ ಛಲೋ ಆತು. ಬಂದರೆ ಅದೂ ಛಲೋ ಆತು. ಮೊದಲ ವರ್ಷ ಇಂಥ ಗಂಡ ಯಾರಿಗುಂಟು ಎಂದು ಓಣಿಯ ಹೆಂಗಸರು ಶಿವಗಂಗಾಳನ್ನು ಕಂಡು ಹೊಟ್ಟೆ ಉರಿದುಕೊಂಡರು. ಎರಡನೆಯ ವರ್ಷ ಅವಳ ಬಸಿರು ನಿಲ್ಲಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಬಂದು, ತಾಯಿಗೆ ಅಪಾಯವಿಲ್ಲ, ಕೂಸು ಉಳಿಯಲಿಲ್ಲ ಎಂದು ಹೇಳಿ ಹೋದರು. ಅನಿಲಕುಮಾರ ಮಂಚದ ಪಕ್ಕ ನಿಂತು ಅದೇ ಮುಖದಿಂದ, “ಛಲೋ ಆತು ಬಿಡು” ಅಂದ.

ಯಾವುದು ಛಲೋ ಆದದ್ದು? ಅವಳು ಉಳಿದದ್ದೋ, ಕೂಸು ಉಳಿಯದೇ ಇದ್ದದ್ದೋ?

ಶಿವಗಂಗಾ ಅವನನ್ನು ಕೇಳಲಿಲ್ಲ. ಕೇಳಿದರೂ ಬರುವ ಉತ್ತರ ಗೊತ್ತೇ ಇತ್ತು. ವಿಶ್ರಾಂತಿಗೆಂದು ಇಳಕಲ್ಲಿಗೆ ಬಂದವಳು ವರ್ಷ ಕಳೆದರೂ ತಿರುಗಿ ಹೋಗಲಿಲ್ಲ. ಅವನು ದಿನಾ ಮುಂಜಾನೆ ಮೊಬೈಲಿಗೆ ಗುಲಾಬಿ ಹೂವಿನ ಮೇಲೆ ‘ಶುಭೋದಯ’ ಎಂದು ಬರೆದ ಚಿತ್ರ ಕಳಿಸುತ್ತಿದ್ದ. ಅದು ತನಗೊಬ್ಬಳಿಗೇ ಬಂದದ್ದೋ, ಅವನಿಗೆ ಪರಿಚಯವಿದ್ದ ಜಪಾನಿನ ಪ್ರವಾಸಿಗರಿಂದ ಹಿಡಿದು ಬಾದಾಮಿಯ ಹಾಲಿನವನವರೆಗೆ ಎಲ್ಲರಿಗೂ ಹೋದದ್ದೋ ಎಂದು ಅವಳು ಆ ಗುಲಾಬಿಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಳು. ನೋಡಿ ನೋಡಿ ಒಂದೊಂದು ಎಸಳೂ ಅವಳಿಗೆ ಬಾಯಿಪಾಠವಾಯಿತು. ಒಳಗಿನದು ತಿಳಿಯಲಿಲ್ಲ.

ಕೊನೆಗೆ ಹಿರಿಯರು ಸೇರಿದರು. ಹಿರಿತನಕ್ಕೆ ಕುಳಿತವನು ನೂಲಿನ ವ್ಯಾಪಾರದ ಯಮನಪ್ಪ. ಓಣಿಯ ಎಲ್ಲ ಜಗಳಗಳನ್ನೂ ಎರಡೇ ಪ್ರಶ್ನೆಯಲ್ಲಿ ಬಗೆಹರಿಸುತ್ತೇನೆಂಬ ಹೆಮ್ಮೆಯವನು.

“ಹೊಡಿತಾನೇನವಾ?”

“ಇಲ್ರಿ ಕಾಕಾ.”

“ಕುಡಿತಾನ?”

“ಇಲ್ರಿ.”

“ಹೊಡಿಯೂದಿಲ್ಲ, ಕುಡಿಯೂದಿಲ್ಲ. ಇಷ್ಟಿದ್ರ ಸಾಲದೇನ ನಿನಗ?”

ಶಿವಗಂಗಾ ಬಾಯಿ ತೆರೆದಳು. ಬರಬೇಕಾದ ಶಬ್ದ ಗಂಟಲಿನವರೆಗೆ ಬಂತು. ಯಮನಪ್ಪ ಆ ಶಬ್ದವನ್ನು ಆಡಿದ್ದಕ್ಕೇ ಗುರುಲಿಂಗವ್ವ ಒಳಗಿನಿಂದ ಬೆಲ್ಲದ ಡಬ್ಬಿ ಹಿಡಿದು ಹೊರಟು ಬಂದಿದ್ದಳು. ಶಿವಗಂಗಾ ಶಬ್ದವನ್ನು ನುಂಗಿದಳು.

“ಎಲ್ಲಾ ಅದರಿ ಕಾಕಾ. ಖರೆ, ಈಗ ಹೋಗೂದಿಲ್ರಿ. ಬ್ಯಾಂಕಿನ ಪರೀಕ್ಷಾ ಬರಿತೇನಿ.”

ಬಾಯಲ್ಲಿದ್ದ ಬೆಲ್ಲ ನುಂಗಿ ಮುಗಿಸಲು ಯಮನಪ್ಪನಿಗೆ ತುಸು ಹೊತ್ತು ಹಿಡಿಯಿತು. ಆಮೇಲೆ ತೀರ್ಪು ಬಂತು. ಬ್ಯಾಂಕಿನ ಕೆಲಸ ಸಿಕ್ಕರೆ ಅವಳ ಮಾತು ನಡೆಯತಕ್ಕದ್ದು. ಸಿಗದಿದ್ದರೆ ಹಿರಿಯರ ಮಾತು, ಬಾದಾಮಿಯ ಬಸ್ಸು. ವಯಸ್ಸಿನ ಮಿತಿಯ ಪ್ರಕಾರ ಅವಳಿಗೆ ಅದೇ ಕೊನೆಯ ಪರೀಕ್ಷೆ. ಅನಿಲಕುಮಾರನಿಗೆ ಫೋನು ಮಾಡಿ ತಿಳಿಸಿದಾಗ ಅವನು ಏನಂದನೆಂದು ಬೇರೆ ಹೇಳಬೇಕಾಗಿಲ್ಲ.

ಶಿವಗಂಗಾ ಬಾಗಲಕೋಟೆಯ ಕೋಚಿಂಗ್ ಕ್ಲಾಸು ಸೇರಿದಳು. ಇಳಕಲ್ಲಿನಿಂದ ಹುನಗುಂದ ಹಾದು ಹೋಗುವ ಬಸ್ಸು. ಆ ಬಸ್ಸು ಒಂದು ಗುಂಡಿಗೆ ಇಳಿದು ಮೇಲೆ ಹತ್ತುವಷ್ಟರಲ್ಲಿ ಒಳಗಿನ ಕೂಸುಗಳಿಗೆ ಹಲ್ಲು ಬಂದಿರುತ್ತವೆ. ಹುನಗುಂದದಲ್ಲಿ ಅದೇ ಕ್ಲಾಸಿನ ತಬಸುಮ ಹತ್ತುತ್ತಿದ್ದಳು. ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ ಇಟ್ಟ ಅಹ್ಮದಸಾಬನ ಮಗಳು. ಮಾತಿನ ಮಲ್ಲಿ. ಕಿಟಕಿಯಿಂದಲೇ ಚೀಲ ಒಗೆದು ಸೀಟು ಹಿಡಿಯುವ ವಿದ್ಯೆಗೆ ಸರಕಾರ ಪ್ರಶಸ್ತಿ ಕೊಡುವುದಾದರೆ ಅವಳಿಗೇ ಮೊದಲನೆಯದು ಸಲ್ಲಬೇಕು.

ಕ್ಲಾಸು ನಡೆಯುತ್ತಿದ್ದುದು ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ. ಗಣಿತ ಹೇಳುವವರು ಪ್ರೇಮಕುಮಾರ ಸರ್. ವರ್ಗಮೂಲದ ಪಾಠಕ್ಕೂ ಕೆಳಗೆ ಬನ್ನು ಬೇಯುವುದಕ್ಕೂ ಒಂದೇ ಹೊತ್ತು. ಅಲ್ಲಿ ಕಲಿತವರಿಗೆ ಇವತ್ತಿಗೂ ವರ್ಗಮೂಲದ ಚಿಹ್ನೆ ಕಂಡರೆ ಬಾಯಲ್ಲಿ ನೀರೂರುತ್ತದೆ.

ಪ್ರೇಮಕುಮಾರ ಸರ್ ಒಂದು ದಿನ ಫಲಕದ ಮೇಲೆ ದೊಡ್ಡದಾಗಿ ‘ಡೇಟಾ ಸಫಿಶಿಯನ್ಸಿ’ ಎಂದು ಬರೆದರು.

“ಕನ್ನಡದಾಗ ಇದಕ್ಕ ಸಾಕೋ ಸಾಲದೋ ಲೆಕ್ಕಾ ಅಂತ ತಿಳ್ಕೊಳ್ರಿ. ಒಂದು ಪ್ರಶ್ನಿ ಇರ್ತದ, ಕೆಳಗ ಎರಡು ಹೇಳಿಕಿ ಇರ್ತಾವ. ಉತ್ತರ ಕಂಡುಹಿಡಿಯೂದು ನಿಮ್ಮ ಕೆಲಸ ಅಲ್ಲ. ಉತ್ತರ ಕಂಡುಹಿಡಿಯಾಕ ಈ ಹೇಳಿಕಿ ಸಾಕೋ ಸಾಲದೋ, ಅಷ್ಟ ಹೇಳ್ರಿ. ಅಡಗಿ ಮಾಡಾಕ ಕೂಡಬ್ಯಾಡ್ರಿ. ಮನ್ಯಾಗ ಸಾಮಾನು ಅವನೋ ಇಲ್ಲೋ, ನೋಡಿ ಬರ್ರಿ.”

ಐದು ಉತ್ತರಗಳನ್ನು ಅವರು ಬೆರಳು ಮಡಚಿ ಹೇಳಿದರು. ಮೊದಲನೆಯ ಹೇಳಿಕೆಯೊಂದೇ ಸಾಕು. ಎರಡನೆಯದೊಂದೇ ಸಾಕು. ಯಾವುದಾದರೂ ಒಂದು ಸಾಕು. ಎರಡೂ ಸೇರಿದರೆ ಸಾಕು. ಐದನೆಯದು, ಕಿರುಬೆರಳು: ಎರಡೂ ಸೇರಿದರೂ ಸಾಲದು.

ಕಿರುಬೆರಳು ಮಡಚಿದಾಗ ಶಿವಗಂಗಾ ತನಗರಿವಿಲ್ಲದೆ ಬಾಗಿಲ ಕಡೆ ನೋಡಿದಳು, ಆಯಿ ಗುರುಲಿಂಗವ್ವ ಬೆಲ್ಲ ತಂದಳೇನೋ ಎಂಬಂತೆ.

ಸರ್ ಲೆಕ್ಕ ಬರೆದರು. x ಎಷ್ಟು? ಮೊದಲ ಹೇಳಿಕೆ: x ನ ವರ್ಗ ನಲವತ್ತೊಂಬತ್ತು. ಎರಡನೆಯದು: x ನ ವರ್ಗದ ವರ್ಗಮೂಲ ಏಳು.

“ಹ್ಞಾಂ, ಇಳಕಲ್ಲ, ನೀ ಹೇಳವಾ.”

“ಎರಡೂ ಸೇರಿದ್ರ ಸಾಕ್ರಿ ಸರ್. x ಏಳು.”

“ಮತ್ತ ಮೈನಸ್ ಏಳು ಏನು ಪಾಪ ಮಾಡೇದ? ಅದನ್ನ ವರ್ಗ ಮಾಡು, ನಲವತ್ತೊಂಬತ್ತು. ಮೂಲ ತಗಿ, ಏಳು. ಒಳಗ ಹೋಗುವಾಗ ಮೈನಸ್ ಇತ್ತು, ಹೊರಗ ಬರುವಾಗ ಪ್ಲಸ್ ಆಗಿ ಬಂತು. ವರ್ಗ ಮಾಡಿ ಮೂಲ ತಗದ್ರ ಸಿಗೂದಕ್ಕ ಮಾಡ್ ಅಂತಾರ.” ಅವರು x ನ ಎರಡೂ ಬದಿಗೆ ಒಂದೊಂದು ನೆಟ್ಟನೆಯ ಗೆರೆ ಎಳೆದರು. “ಈ ಎರಡು ಕಂಬದ ನಡುವ ಯಾರನ್ನರ ನಿಲ್ಲಸ್ರಿ. ಒಳಗ ಅತ್ತಿರ್ಲಿ, ನಕ್ಕಿರ್ಲಿ, ಹೊರಗ ಮಾತ್ರ ನಕ್ಕೋತ ಬರ್ತಾರ.”

ಎಲ್ಲರೂ ನಕ್ಕರು. ಶಿವಗಂಗಾಳಿಗೆ ಫಲಕದ ಮೇಲೆ ಏಳೂ ಕಾಣಲಿಲ್ಲ, x ಕೂಡ ಕಾಣಲಿಲ್ಲ. ಎರಡು ಕಂಬಗಳ ನಡುವೆ ಬಿಳಿ ಅಂಗಿ ತೊಟ್ಟು ಗುರುತಿನ ಚೀಟಿ ಹಾಕಿಕೊಂಡು ನಿಂತವನೊಬ್ಬ ಕಂಡ. ದವಾಖಾನೆಯ ವಾಸನೆ ಬಂತು. ಕೆಳಗಿನ ಇಡೀ ಬೇಕರಿಗೂ ಅದನ್ನು ಮುಚ್ಚಿಹಾಕಲು ಆಗಲಿಲ್ಲ.

“ಸರ್,” ಅಂದಳು. ಧ್ವನಿ ಅವಳದಾಗಿರಲಿಲ್ಲ. “ಒಳಗ ಏನಿತ್ತು ಅಂತ ತಿಳ್ಕೊಳ್ಳೂದು ಹೆಂಗ್ರಿ?”

“ಹೊರಗ ನಿಂತು ತಿಳಿಯಂಗಿಲ್ಲವಾ. ಅದಕ್ಕ ಈ ಲೆಕ್ಕದ ಉತ್ತರ ಐದನೇದ್ದು. ಎರಡೂ ಹೇಳಿಕಿ ಒಂದ ಮಾತು ಬ್ಯಾರೆ ಬ್ಯಾರೆ ಅಂಗಿ ತೊಟ್ಟು ಹೇಳ್ಯಾವ. ಹೇಳು ನೋಡೋಣು: ಎರಡೂ ಸೇರಿದ್ರೂ...?”

“ಎರಡೂ ಸೇರಿದ್ರೂ...”

“ಹ್ಞಾಂ, ಸೇರಿದ್ರೂ?”

ಅವಳ ಬಾಯಿ ತನ್ನಷ್ಟಕ್ಕೆ ಮನೆಯ ಹಾದಿ ಹಿಡಿಯಿತು. “ಎರಡೂ ಸೇರಿದ್ರೂ ತುಂಬೇದ್ರಿ ಸರ್.”

ಅಂದು ಕ್ಲಾಸಿನಲ್ಲಿ ಎದ್ದ ನಗೆಗೆ ಬೇಕರಿಯ ಒಲೆಯಲ್ಲಿದ್ದ ಬನ್ನುಗಳೆಲ್ಲ ಉಬ್ಬುವುದನ್ನು ಬಿಟ್ಟು ಚಪ್ಪಟೆಯಾದವೆಂದು ಹೇಳುತ್ತಾರೆ. ತಬಸುಮ ಮಾತ್ರ ನಗಲಿಲ್ಲ.

“ಸರ್, ಈಕಿ ಬಸ್ಸಿನಾಗೂ ಆ ಶಬ್ದ ಅನ್ನೂದಿಲ್ರಿ. ಉಳದ ಲೆಕ್ಕಾ ಎಲ್ಲಾ ಬರ್ತಾವ. ಆ ಶಬ್ದ ಬಂದ್ರ ಕೈ ಸುಟ್ಟಂಗ ಮಾಡ್ತಾಳ.”

ಸರ್ ಅವಳನ್ನು ನಿಲ್ಲಿಸಿಕೊಂಡು ವಿಚಾರಿಸಿದರು. ಅವಳು ಆಯಿಯ ಕಾನೂನನ್ನೆಲ್ಲ ಹೇಳಿದಳು. ಪ್ರೇಮಕುಮಾರ ಸರ್ ತಲೆ ಕೆರೆದುಕೊಂಡರು. ಸೂತ್ರ ಬಾರದವರಿಗೆ ಸೂತ್ರ ಹೇಳಿಕೊಟ್ಟಿದ್ದರು, ಮಗ್ಗಿ ಬಾರದವರಿಗೆ ಮಗ್ಗಿ. ಒಂದು ಶಬ್ದ ಬಾರದ ರೋಗಕ್ಕೆ ಅವರಲ್ಲಿ ಔಷಧವಿರಲಿಲ್ಲ.

“ಪರೀಕ್ಷಾದಾಗ ಇಂಥವು ಒಂದ ಸಾಲಿಗೆ ಬರ್ತಾವ ಶಿವಗಂಗಾ. ಇವು ಹೋದ್ರ ಕೆಲಸ ಹೋತು. ಮನ್ಯಾಗ ಅನ್ನಾಕ ಬರದಿದ್ರ ಬಸ್ಸಿನಾಗ ಅನ್ನು. ದಿನಾ ಅನ್ನು.”

ಕೆಲಸ ಹೋದರೆ ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅವತ್ತೇ ಸಂಜೆಯ ಬಸ್ಸಿನಲ್ಲಿ ಕಣ್ಣು ಮುಚ್ಚಿ, ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಹಲ್ಲು ಕೀಳಿಸಿಕೊಳ್ಳುವವಳ ಹಾಗೆ ತಯಾರಾಗಿ, “ಸಾಲದು!” ಅಂದಳು.

ಪಕ್ಕದ ಸೀಟಿನ ಮುದುಕಿಯೊಬ್ಬಳು ಬೆಚ್ಚಿದಳು. “ಜಾಗಾ ಸಾಲ್ವಲ್ದೇನ ಯವ್ವಾ? ಮೊದ್ಲ ಹೇಳಬಾರ್ದ?” ಎಂದು ಸರಿದಳು. ಅವಳು ಸರಿದದ್ದಕ್ಕೆ ಅವಳ ಆಚೆಯವನು ಸರಿದ, ಅವನ ಆಚೆಯವನು ಎದ್ದೇ ನಿಂತ. ತಬಸುಮ ಸಮಯ ನೋಡಿ ತನ್ನ ಚೀಲವನ್ನೂ ಸೀಟಿನ ಮೇಲೆ ಇಟ್ಟಳು.

“ಅಕ್ಕಾ, ಇಷ್ಟ ದಿನಾ ಈ ಶಬ್ದ ಎಲ್ಲಿ ಬಚ್ಚಿಟ್ಟಿದ್ದಿ? ಇದು ಭಾಳ ಕೆಲಸದ್ದು ಅದ!”

ಶಿವಗಂಗಾ ಮತ್ತೊಮ್ಮೆ ಅಂದಳು, ಮೆಲ್ಲಗೆ. ಆಮೇಲೆ ಇನ್ನೊಮ್ಮೆ. ಬಸ್ಸು ಮುಂದೆ ಸಾಗಿದಂತೆ ಅವಳ ಕಣ್ಣಲ್ಲಿ ನೀರು ಬಂತು. ಒಂದು ಶಬ್ದಕ್ಕೆ ಇಷ್ಟು ರುಚಿ ಇರುತ್ತದೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಅನರ್ಥವಾಯಿತು. ಉಪವಾಸ ಬಿಟ್ಟವರು ಊಟಕ್ಕೆ ಬೀಳುವ ಹಾಗೆ ಶಿವಗಂಗಾ ಆ ಶಬ್ದಕ್ಕೆ ಬಿದ್ದಳು. ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ತುಟಿಯೊಳಗೇ ಸಾಲದು, ಸಾಲದು. ಗುಲಾಬಿ ಹೂವು ಬಂತು: ಸಾಲದು. ಅತ್ತೆಯ ಫೋನು ಬಂತು: ‘ಹೂಂ ಅತ್ತಿ, ಹೂಂ’ ಅನ್ನುತ್ತ ಒಳಗೊಳಗೆ ಸಾಲದು. ಮಾಡ್ ಕಂಡರೆ ಸಾಕು, ಒಳಗೆ ಪ್ಲಸ್ಸೋ ಮೈನಸ್ಸೋ ಯಾರು ಕಂಡವರು, ಸಾಲದು. ಅವಳ ಕಣ್ಣಲ್ಲಿ ಜಗತ್ತಿನ ಪ್ರತಿಯೊಂದು ಅಕ್ಷರದ ಎರಡೂ ಬದಿಗೆ ಕಂಬ ಎದ್ದವು.

ಪರೀಕ್ಷೆಯ ಕೇಂದ್ರ ಬಾಗಲಕೋಟೆಯ ಹೊರಗಿನ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆ. ಅಲ್ಲಿ ಪರದೆಯ ಮೂಲೆಯಲ್ಲಿ ಒಂದು ಗಡಿಯಾರವಿರುತ್ತದೆ. ಉಳಿದ ಗಡಿಯಾರಗಳು ಮುಂದೆ ಹೋಗುತ್ತವೆ. ಅದು ಕೆಳಗೆ ಇಳಿಯುತ್ತದೆ, ಬಾವಿಗೆ ಬಿಟ್ಟ ಕೊಡದ ಹಾಗೆ. ತಪ್ಪು ಉತ್ತರ ಕೊಟ್ಟರೆ ಬಂದ ಅಂಕವೂ ಕಡಿತ. ಶಿವಗಂಗಾಳ ಕೈ ಎಷ್ಟು ತಣ್ಣಗಾಗಿತ್ತೆಂದರೆ, ಆ ಕೋಣೆಯ ಎ.ಸಿ. ಆರಿಸಿದ್ದರೂ ನಡೆಯುತ್ತಿತ್ತು.

ಸಾಕೋ ಸಾಲದೋ ಲೆಕ್ಕಗಳು ಒಂದರ ಹಿಂದೆ ಒಂದು ಬಂದವು. ಅದರಲ್ಲೊಂದು ಹೀಗಿತ್ತು. a ಯಿಂದ ನಾಲ್ಕನ್ನು ಕಳೆದು, ವರ್ಗ ಮಾಡಿ, ವರ್ಗಮೂಲ ತೆಗೆದರೆ ಬರುವುದು, ನಾಲ್ಕರಿಂದ a ಯನ್ನು ಕಳೆದರೆ ಬರುವುದಕ್ಕೆ ಸಮವೇ? ಮೊದಲ ಹೇಳಿಕೆ: a ಯ ಮಾಡ್ ನಾಲ್ಕು. ಎರಡನೆಯದು: a ಯ ವರ್ಗ ಇಪ್ಪತ್ತಕ್ಕಿಂತ ಕಡಿಮೆ.

ಮಾಡ್ ನಾಲ್ಕು! ಅವಳಿಗೆ ನಗುವ ಮುಖ ಕಂಡಿತು. ಒಳಗೆ ನಾಲ್ಕೋ, ಮೈನಸ್ ನಾಲ್ಕೋ? ಅವಳು ಲೆಕ್ಕ ಮಾಡಲೇ ಇಲ್ಲ. ಐದನೆಯದನ್ನು ಒತ್ತಿದಳು. ಮುಂದಿನದಕ್ಕೂ ಐದನೆಯದು. ಅದರ ಮುಂದಿನದಕ್ಕೂ. ಎರಡು ವರ್ಷ ಬಾಯಿಗೆ ಬಾರದ ಮಾತೆಲ್ಲ ಬೆರಳಿನಿಂದ ಹೊರಬಂತು. ಹೊರಗೆ ಬಂದಾಗ ಅವಳ ಮುಖದ ಮೇಲೆ ಬೆಳಕಿತ್ತು.

ಗೇಟಿನ ಆಚೆಯ ಚಹಾದಂಗಡಿಯಲ್ಲಿ ಪ್ರೇಮಕುಮಾರ ಸರ್ ತಮ್ಮ ಹುಡುಗರನ್ನು ಹಿಡಿದು ಹಿಡಿದು, ಏನು ಬಂತು, ಏನು ಬರೆದಿರಿ ಎಂದು ಕೇಳುತ್ತಿದ್ದರು. ಶಿವಗಂಗಾ ನಾಲ್ಕರ ಲೆಕ್ಕವನ್ನು ನೆನಪಿನಿಂದ ಹೇಳಿದಳು.

“ಐದನೇದ್ದು ಒತ್ತಿದೆ ಸರ್! ಕೈ ನಡಗಲಿಲ್ರಿ!”

ಸರ್ ಕಪ್ಪನ್ನು ಕೆಳಗಿಟ್ಟರು. “ಯವ್ವಾ... a ನಾಲ್ಕು ಅಂತ ಹಿಡಿ. ನಾಲ್ಕರಾಗ ನಾಲ್ಕು ಕಳದ್ರ ಏನೂ ಉಳಿಯೂದಿಲ್ಲ. ಆ ಕಡಿನೂ ಏನೂ ಇಲ್ಲ. ಸಮ ಆತು. ಈಗ ಮೈನಸ್ ನಾಲ್ಕು ಹಿಡಿ. ನಾಲ್ಕು ಕಳದ್ರ ಮೈನಸ್ ಎಂಟು, ವರ್ಗ ಅರವತ್ನಾಲ್ಕು, ಮೂಲ ಎಂಟು. ಆ ಕಡಿ ನಾಲ್ಕರಾಗ ಮೈನಸ್ ನಾಲ್ಕು ಕಳದ್ರೂ ಎಂಟು. ಸಮ ಆತು.”

“ಖರೆ, a ಎಷ್ಟಂತ ತಿಳೀಲಿಲ್ಲಲ್ರಿ ಸರ್!”

“ತಿಳಿಯೂದು ಎದಕ ಬೇಕು? a ಎಷ್ಟು ಅಂತ ನಿನಗ ಯಾರು ಕೇಳ್ಯಾರ? ಸಮ ಹೌದೋ ಅಲ್ಲೋ ಅಂತ ಕೇಳ್ಯಾರ. ಒಳಗ ಪ್ಲಸ್ ಇದ್ರೂ ಹೌದು, ಮೈನಸ್ ಇದ್ರೂ ಹೌದು. ಒಳಗ ಯಾವುದರ ಇರ್ಲಿ, ಉತ್ತರ ಒಂದ. ಮೊದಲನೇ ಹೇಳಿಕಿ ಒಂದ ಸಾಕಾಗಿತ್ತು.”

ಉಳಿದವುಗಳನ್ನೂ ಕೇಳಿ ನೋಡಿದರು. ಸಾಕು ಅನ್ನಬೇಕಾದಲ್ಲೆಲ್ಲ ಅವಳು ಸಾಲದು ಅಂದಿದ್ದಳು. ಸರ್ ಬೈಯಲಿಲ್ಲ. ಅವರು ಬೈದಿದ್ದರೇ ಛಲೋ ಇತ್ತು.

ಹುನಗುಂದದವರೆಗೆ ತಬಸುಮ ಅವಳ ಕೈ ಹಿಡಿದು ಕುಳಿತಿದ್ದಳು. “ಅಳಬ್ಯಾಡ ಅಕ್ಕಾ. ಕಟ್ ಆಫ್ ಕೆಳಗ ಬರಬಹುದು. ಎಲ್ಲಾರೂ ನಿನ್ನಂಗ ಮಾಡಿದ್ರ ಪಾಸ್ ಆಗ್ತಿ.” ಶಿವಗಂಗಾ ಕಿಟಕಿಯ ಕಂಬಿಗೆ ಹಣೆ ಹಚ್ಚಿ ಕುಳಿತಿದ್ದಳು. ಬಾದಾಮಿಯ ಅಡುಗೆಮನೆ, ಅದರ ಚಿಕ್ಕ ಕಿಟಕಿ, ಬಾಗಿಲಲ್ಲಿ ಬಿಟ್ಟ ಅವನ ಚಪ್ಪಲಿ ಎಲ್ಲ ಬಸ್ಸಿಗಿಂತ ಜೋರಾಗಿ ಎದುರು ಬರುತ್ತಿದ್ದವು. ‘ಒಳಗ ಯಾವುದರ ಇರ್ಲಿ’ ಎಂದು ಅವಳು ಒಂದೇ ಸಮನೆ ಗೊಣಗುತ್ತಿದ್ದುದನ್ನು ತಬಸುಮ ಲೆಕ್ಕದ ಹುಚ್ಚು ಎಂದೇ ತಿಳಿದಳು.

ಫಲಿತಾಂಶ ಬಂತು. ಅವಳ ನಂಬರು ಇರಲಿಲ್ಲ. ಹೊಳಬಸಪ್ಪ ಮೊಬೈಲಿನ ಪರದೆಯನ್ನು ಮೇಲೆ ಕೆಳಗೆ ಉಜ್ಜಿ ಉಜ್ಜಿ, ಸೀರೆಯಲ್ಲಿ ತಪ್ಪಿದ ಎಳೆ ಹುಡುಕುವವನಂತೆ ಹುಡುಕಿದ. ತಪ್ಪಿದ ಎಳೆ ಸಿಗಲಿಲ್ಲ.

ಯಮನಪ್ಪ ದಿನ ಗೊತ್ತು ಮಾಡಿದ. ಅನಿಲಕುಮಾರ ಬಂದ, ಬಿಳಿ ಅಂಗಿ, ಕೈಯಲ್ಲಿ ಬಾದಾಮಿಯ ಮಂಗಗಳು ದಯೆಯಿಟ್ಟು ಬಿಟ್ಟ ಒಂದು ಗೊನೆ ಬಾಳೆಹಣ್ಣು, ಮುಖದ ಮೇಲೆ ಅದೇ ನಗು. ಗುರುಲಿಂಗವ್ವ ಗೋಡೆಗೆ ಒರಗಿ ಕುಳಿತಳು. ಶಿವಗಂಗಾಳ ಬಟ್ಟೆಯ ಚೀಲ ಬಾಗಿಲ ಪಕ್ಕ ಆಗಲೇ ತಯಾರಾಗಿ ನಿಂತಿತ್ತು, ಯಾರು ತುಂಬಿಟ್ಟರೋ.

“ಮಾತಂದ್ರ ಮಾತು,” ಯಮನಪ್ಪ ಶುರುಮಾಡಿದ. “ಬ್ಯಾಂಕ್ ಆಗ್ಲಿಲ್ಲ. ಇನ್ನ ಹೊಂಡವಾ.”

“ಕಾಕಾ, ಒಂದ ಮಾತ ಕೇಳ್ರಿ. ಇವ್ರು ಒಳಗ ಭಾಳ ಒಳ್ಳ್ಯಾವ್ರು ಅಂತ ಇಟ್ಕೊಳ್ರಿ.”

“ಇಟ್ಕೊಳ್ಳೂದೇನು, ಒಳ್ಳ್ಯಾವನ ಇದ್ದಾನ.”

“ಆದ್ರೂ ನಾ ಹೋಗೂದಿಲ್ರಿ.”

ಯಮನಪ್ಪ ಕಿವಿಯಲ್ಲಿ ಬೆರಳಾಡಿಸಿ ಮತ್ತೆ ಕೇಳಿಸಿಕೊಳ್ಳಲು ಬಗ್ಗಿದ.

“ಈಗ ಕೆಟ್ಟಾವ್ರು ಅಂತ ಇಟ್ಕೊಳ್ರಿ. ಕೂಸು ಹೋದದ್ದಕ್ಕ ಒಳಗ ಖುಷಿ ಪಟ್ಟಾವ್ರು ಅಂತ ಇಟ್ಕೊಳ್ರಿ. ಆಗೂ ಹೋಗೂದಿಲ್ಲ.”

“ಏ ಹುಡುಗಿ, ಒಳ್ಳ್ಯಾವ ಇದ್ರೂ ಹೋಗೂದಿಲ್ಲ, ಕೆಟ್ಟಾವ ಇದ್ರೂ ಹೋಗೂದಿಲ್ಲ ಅಂದ್ರ, ನಾವು ಇಲ್ಲಿ ಕುಂತು ಏನು ವಿಚಾರಣಿ ಮಾಡೋಣು?”

“ವಿಚಾರಣಿ ಸಾಕ್ರಿ ಕಾಕಾ.”

ಗುರುಲಿಂಗವ್ವ ಬೆಲ್ಲದ ಡಬ್ಬಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಸಾಕು ಅನ್ನುವುದು ತಪ್ಪಲ್ಲ. ಉಂಡು ತೃಪ್ತಿಯಾದವರು ಆಡುವ ಮಾತು ಅದು, ಮಂಗಳದ ಮಾತು. ಮೊಮ್ಮಗಳು ಅದನ್ನೇ ಆಡಿದ್ದಳು. ಮುದುಕಿಯ ಇಡೀ ಕಾನೂನಿನಲ್ಲಿ ಇದಕ್ಕೊಂದು ಕಲಮು ಸಿಗಲಿಲ್ಲ.

“ಯಾಕಂತ ಹೇಳಬೇಕಲ್ಲ!” ಯಮನಪ್ಪ ಹೇಳಿದ.

“ಎರಡು ವರ್ಷ ಇವ್ರ ಒಂದ ಮಾತಿನ ಅರ್ಥ ಹುಡುಕೀನ್ರಿ. ರೊಟ್ಟಿ ಬಡಿವಾಗ ಹುಡುಕಿದೆ, ಬಸ್ಸಿನಾಗ ಹುಡುಕಿದೆ, ಪರೀಕ್ಷಾದಾಗ ಕುಂತು ಹುಡುಕಿ ಕೆಲಸಾನೂ ಕಳಕೊಂಡೆ. ಆ ಮನಿಗೆ ಹೋದ್ರ ಸಾಯೂತನಕ ಅದನ್ನ ಹುಡುಕಬೇಕು. ಸಿಕ್ಕರೂ ನನಗ ಆ ಮನಿ ಬ್ಯಾಡ. ಸಿಗದಿದ್ರೂ ಬ್ಯಾಡ. ಹಂಗಿದ್ಮ್ಯಾಲ ಎದಕ ಹುಡುಕಲಿ?”

ಆಗ ಯಾರೂ ಎಂದೂ ಕಾಣದ್ದು ಕಂಡಿತು. ಅನಿಲಕುಮಾರನ ಮುಖದ ಮೇಲಿನ ನಗು ಹೋಗಿತ್ತು. ಅದರ ಕೆಳಗೆ ಇದ್ದವನು ಬೇರೊಬ್ಬ; ಗುಹೆಯಿಂದ ಈಗಷ್ಟೇ ಹೊರಬಂದವನಂತೆ ಕಣ್ಣು ಕಿರಿದು ಮಾಡಿಕೊಂಡಿದ್ದ.

“ಶಿವಗಂಗಾ, ಖರೆ ಹೇಳ್ತೇನಿ,” ಅಂದ. “ಆವತ್ತ ದವಾಖಾನ್ಯಾಗ ನನ್ನ ಒಳಗ ಏನೂ ಇರಲಿಲ್ಲ. ದುಃಖಾನೂ ಇರಲಿಲ್ಲ, ಸಂತೋಷಾನೂ ಇರಲಿಲ್ಲ. ಡಾಕ್ಟರು ಹೇಳಿ ಹೋದ್ರು, ನೀ ನನ್ನ ಮಾರಿ ನೋಡ್ತಿದ್ದಿ. ಏನರ ಅನಬೇಕಿತ್ತು. ಬಾಯಾಗ ಅದು ಯಾವಾಗ್ಲೂ ಕುಂತಿರ್ತದ. ಅದ ಬಂತು.”

ಅವಳು ಪ್ಲಸ್ ಹಿಡಿದು ನೋಡಿದ್ದಳು, ಮೈನಸ್ ಹಿಡಿದು ನೋಡಿದ್ದಳು. ಸೊನ್ನೆಯನ್ನು ಹಿಡಿದು ನೋಡಿರಲಿಲ್ಲ.

“ಇದನ್ನ ಆವತ್ತ ಹೇಳಿದ್ರ,” ಅಂದಳು, “ನಾ ಅಳ್ತಿದ್ದೆ. ಆಮ್ಯಾಲ ನೀವೂ ಅಳ್ತಿದ್ರೇನೋ.”

“ಹೌದು,” ಅಂದ ಅವನು. “ಅನಸ್ತದ.”

“ಈಗ ಆಗೂದಿಲ್ರಿ.”

ಅವನು ತಲೆಯಾಡಿಸಿದ. ಎದ್ದ. ಯಮನಪ್ಪ ಇನ್ನೂ ಮೂರನೆಯ ಪ್ರಶ್ನೆ ಹುಡುಕುತ್ತಿದ್ದ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿ ಅನಿಲಕುಮಾರ ತಿರುಗಿ ನಿಂತ.

“ಹೋಗ್ತೇನಿ,” ಅಂದ.

ನಮ್ಮ ಕಡೆ ಹೊರಡುವವರು ಯಾರೂ ಹಾಗೆ ಅನ್ನುವುದಿಲ್ಲ. ಹೆಣ ಎತ್ತುವ ಮನೆಯಲ್ಲೂ ಅನ್ನುವುದಿಲ್ಲ. ಗುರುಲಿಂಗವ್ವ ಗೋಡೆ ಬಿಟ್ಟು ಎದ್ದೇಬಿಟ್ಟಳು.

“ಏ ತಮ್ಮಾ! ಬಾಗಲದಾಗ ನಿಂತು ಏನಂತಿ? ಬರ್ತೇನಿ ಅನ್ನಪಾ!”

“ಬರೂದಿಲ್ಲಲ್ಲ ಆಯಿ,” ಅಂದ ಅವನು, ತಪ್ಪು ಒಪ್ಪಿಕೊಳ್ಳುವವನ ಹಾಗೆ. “ಮತ್ತ ಹೆಂಗನ್ಲಿ?”

ಅವನು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೆ ಶಿವಗಂಗಾ ನೋಡಿದಳು. ಆಮೇಲೆ ಹೊಸ್ತಿಲ ಮೇಲೆ ಕುಳಿತಳು. ಹೊಸ್ತಿಲ ಮೇಲೆ ಕೂಡಬಾರದೆಂದು ಆಯಿ ಹೇಳಲಿಲ್ಲ. ಕುಳಿತು ಅತ್ತಳು. ಆಲಮಟ್ಟಿ ಆಣೆಕಟ್ಟಿನ ಗೇಟುಗಳನ್ನೆಲ್ಲ ಒಮ್ಮೆಲೇ ತೆಗೆದರೂ ಅಷ್ಟು ನೀರು ಬರಲಿಕ್ಕಿಲ್ಲ. ಕೆಲಸವಿಲ್ಲ, ಮುಂದಿನ ಪರೀಕ್ಷೆಯಿಲ್ಲ, ಹೋಗಲು ಮನೆಯಿಲ್ಲ. ಇದ್ದ ಮನೆಯಲ್ಲಿ ನಾಳೆ ಯಾರು ಏನಂದಾರೋ ಗೊತ್ತಿಲ್ಲ. ಹೊಳಬಸಪ್ಪ ಮಗ್ಗ ನಿಲ್ಲಿಸಿ ಬಂದು, ಕೈಗೆ ಹತ್ತಿದ ನೂಲಿನ ಪುಡಿ ಒರೆಸಿಕೊಂಡು, ಮಗಳ ಪಕ್ಕದಲ್ಲಿ ಕುಳಿತ. ತುಸು ಹೊತ್ತಿನ ಮೇಲೆ ಮುದುಕಿಯೂ ಮೊಣಕಾಲು ಹಿಡಿದು ಬಂದು ಕುಳಿತಳು. ಎಲ್ಲಾ ಛಲೋ ಆಗ್ತದ ಎಂದು ಯಾರೂ ಅನ್ನಲಿಲ್ಲ.